ತೋಟಾ ಯಾರದು? ಸೇನಾ ರೈಫಲ್ ಗುಂಡುಗಳ ಹುಟ್ಟಿನ ತಕರಾರು

ಭಾರತೀಯ ಸೇನೆಯ ಇನ್ಸಾಸ್ ರೈಫಲ್ ಬಗ್ಗೆ ಎಲ್ಲಿ ಚರ್ಚೆ ನಡೆದರೂ ಒಂದು ಮಾತು ತಪ್ಪದೆ ಬರುತ್ತದೆ. ಅದರ 5.56 ಮಿ.ಮೀ. ಗುಂಡನ್ನು ಮಾಡಿದ್ದೇ ಶತ್ರುವನ್ನು ಗಾಯಗೊಳಿಸಲು, ಕೊಲ್ಲಲು ಅಲ್ಲವಂತೆ. ಒಬ್ಬ ಗಾಯಗೊಂಡರೆ ಅವನನ್ನು ಹೊರಲು ಇನ್ನಿಬ್ಬರು ಬೇಕು, ಅಲ್ಲಿಗೆ ಒಂದೇ ಗುಂಡಿಗೆ ಮೂವರು ಕಣದಿಂದ ಹೊರಗೆ. ಲೆಕ್ಕ ಕೇಳಲು ಚೊಕ್ಕವಾಗಿದೆ. ಆದರೆ ಆ ತೋಟಾ ರೂಪುಗೊಂಡ ಕಾಲದ ಸೇನಾ ಬೇಡಿಕೆಯಲ್ಲಿ ಇಂಥ ಉದ್ದೇಶ ಇರಲಿಲ್ಲ.

ಈ ದಂತಕಥೆಯನ್ನು ಹಳೆಯ ಹರಟೆಯೆಂದು ಬಿಟ್ಟುಬಿಡಬಹುದಿತ್ತು. ಆದರೆ ಭಾರತೀಯ ಸೇನೆ ತನ್ನ ಕಾಲಾಳುಗಳ ಕೈಗೆ ಹೊಸ ರೈಫಲ್ ಕೊಡುತ್ತಿರುವ ಈ ಹೊತ್ತಿನಲ್ಲಿ ಅದು ವಾದವಾಗಿ ಬಳಕೆಯಾಗುತ್ತಿದೆ. 2019ರಲ್ಲಿ ಸಿಗ್ ಸಾವರ್ ಕಂಪನಿಯಿಂದ 72,400 ರೈಫಲ್ ಕೊಳ್ಳಲು ಒಪ್ಪಂದವಾಯಿತು. ಅವು 7.62×51 ಮಿ.ಮೀ. ತೋಟಾದವು. 2021ರ ಡಿಸೆಂಬರ್‌ನಲ್ಲಿ ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಕೊರ್ವಾದಲ್ಲಿ ಆರು ಲಕ್ಷಕ್ಕೂ ಹೆಚ್ಚು ಎಕೆ–203 ತಯಾರಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಅವು 7.62×39. ಇನ್ಸಾಸ್ ಇನ್ನೂ ಪೂರ್ತಿ ತೆರೆಮರೆಗೆ ಸರಿದಿಲ್ಲ, ಅದರದು 5.56×45. ಒಂದೇ ಸೇನೆಯಲ್ಲಿ ಮೂರು ತೋಟಾ. ಮೂರಕ್ಕೂ ಬೇರೆ ಬೇರೆ ಜನ್ಮಕಥೆ, ಮೂರರ ಕಥೆಗೂ ತಕರಾರು.

ಲೆಕ್ಕ ಹಿಡಿಯುವ ಮುನ್ನ ಎರಡು ಮಾತು. ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಅಥವಾ ಉಕ್ಕಿನ ಕೊಳವೆ, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಮಲೆನಾಡು, ಕೊಡಗಿನವರಿಗೆ ಕೇಪಿನ ಕೋವಿಗೂ ತೋಟಾ ಕೋವಿಗೂ ಇರುವ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಿಲ್ಲ. 7.62×39 ಎಂದರೆ ನಳಿಗೆಯ ಒಳವ್ಯಾಸ 7.62 ಮಿ.ಮೀ., ಕೊಳವೆಯ ಉದ್ದ ಸುಮಾರು 39 ಮಿ.ಮೀ. ಈ ಎರಡು ಅಂಕಿಗಳು ಹತ್ತಿರವಿದ್ದ ಮಾತ್ರಕ್ಕೆ ಎರಡು ತೋಟಾಗಳನ್ನು ಅಣ್ಣತಮ್ಮಂದಿರು ಎಂದು ಘೋಷಿಸಿಬಿಡುವುದು ಈ ಕ್ಷೇತ್ರದ ದೊಡ್ಡ ಚಟ. ಕಳ್ಳತನದ ಆರೋಪಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲಿಂದಲೇ.

ಅತಿ ಹೆಚ್ಚು ಸದ್ದು ಮಾಡಿದ ಆರೋಪ ಎಕೆ ತೋಟಾದ, ಎಂದರೆ 7.62×39ರ ಮೇಲಿನದು. ಕಲಾಶ್ನಿಕೋವ್ ರೈಫಲ್ ಜರ್ಮನ್ನರ ನಕಲು ಎನ್ನುವವರು ತೋಟಾದಿಂದಲೇ ಶುರು ಮಾಡುತ್ತಾರೆ. ಅವರ ವಾದಕ್ಕೆ ಎರಡು ರೂಪಗಳಿವೆ.

ಮೊದಲನೆಯದು ಸರಳ. ಜರ್ಮನಿಯ ಶಸ್ತ್ರಾಸ್ತ್ರ ಇಲಾಖೆ 1938ರಲ್ಲಿ ಮಾಗ್ಡೆಬರ್ಗ್‌ನ ಪೋಲ್ಟೆ ಕಾರ್ಖಾನೆಗೆ ಒಂದು ಮಧ್ಯಮ ಗಾತ್ರದ ತೋಟಾ ರೂಪಿಸುವ ಕೆಲಸ ಕೊಟ್ಟಿತು. ಪಿಸ್ತೂಲಿನ ಗುಂಡು ನೂರಿನ್ನೂರು ಮೀಟರ್ ದಾಟಿದರೆ ನಿರುಪಯೋಗಿ, ಪೂರ್ಣ ಗಾತ್ರದ ರೈಫಲ್ ಗುಂಡು ಅಗತ್ಯಕ್ಕಿಂತ ಬಲಶಾಲಿ. ಇವೆರಡರ ನಡುವಿನ ತೋಟಾ ಬೇಕಿತ್ತು. ಪೋಲ್ಟೆಯವರು ಬಳಕೆಯಲ್ಲಿದ್ದ 7.92×57 ತೋಟಾದ ಕೊಳವೆಯನ್ನು 33 ಮಿ.ಮೀ.ಗೆ ಮೊಟಕುಗೊಳಿಸಿದರು. ಬುಡದ ಅಳತೆ ಅದೇ, ನಳಿಗೆಯ ವ್ಯಾಸವೂ ಅದೇ. ಯುದ್ಧಕಾಲದಲ್ಲಿ ಹೊಸ ಯಂತ್ರ ಹುಡುಕುತ್ತ ಕೂರಲು ಯಾರಿಗೆ ಪುರುಸೊತ್ತು? 1942–43ರ ಚಳಿಗಾಲದಲ್ಲಿ ಈ ತೋಟಾ ಹಾರಿಸುವ ಸ್ವಯಂಚಾಲಿತ ಕಾರ್ಬೈನ್ (ಗಿಡ್ಡ, ಹಗುರ ರೈಫಲ್) ಪೂರ್ವ ರಂಗದಲ್ಲಿ ಸೋವಿಯತ್ ಸೈನಿಕರ ಕೈಗೆ ಸಿಕ್ಕಿತು. 1943ರ ಜುಲೈ 15ರಂದು ಮಾಸ್ಕೋದಲ್ಲಿ ಶಸ್ತ್ರಾಸ್ತ್ರ ಖಾತೆಯ ತಾಂತ್ರಿಕ ಮಂಡಳಿ ಸಭೆ ಸೇರಿದಾಗ ಅದೂ ಮೇಜಿನ ಮೇಲಿತ್ತು, ಅಮೆರಿಕದ ಎಂ–1 ಕಾರ್ಬೈನ್ ಕೂಡ ಪಕ್ಕದಲ್ಲಿತ್ತು. ಅಂಥದ್ದೇ ತೋಟಾ ನಮಗೂ ಬೇಕೆಂಬ ತೀರ್ಮಾನವಾಯಿತು. ಎಲಿಜರೋವ್, ಸ್ಯೋಮಿನ್ ಮೊದಲಾದವರಿದ್ದ ತಂಡ ಕೆಲಸಕ್ಕಿಳಿಯಿತು.

ಕಲ್ಪನೆಗೆ ಜರ್ಮನ್ ಪ್ರಚೋದನೆ ಇತ್ತು ಎಂಬುದನ್ನು ಹಾಗಾಗಿ ಅಲ್ಲಗಳೆಯುವಂತಿಲ್ಲ. ಆದರೆ ತೋಟಾವೇ ನಕಲೇ ಎಂದು ಕೇಳಿದರೆ ಅಳತೆಗಳು ಇಲ್ಲ ಎನ್ನುತ್ತವೆ. ಜರ್ಮನ್ ಕೊಳವೆಯ ಬುಡ ಸುಮಾರು 11.95 ಮಿ.ಮೀ., ಸೋವಿಯತ್ ಕೊಳವೆಯದು ಸುಮಾರು 11.35. ನಕಲು ಮಾಡುವವನು ಬುಡದ ಅಳತೆ ಬದಲಿಸುವುದಿಲ್ಲ, ಏಕೆಂದರೆ ಕೊಳವೆ ಎಳೆಯುವ ಅಚ್ಚುಗಳೆಲ್ಲ ಅದನ್ನೇ ಅವಲಂಬಿಸಿರುತ್ತವೆ. ನಳಿಗೆಯ ವ್ಯಾಸವನ್ನು ಸೋವಿಯತ್ ತಂಡ ತನ್ನ ಹಳೆಯ 7.62ರಲ್ಲೇ ಉಳಿಸಿಕೊಂಡಿತು. ಕೊರೆಯುವ ಯಂತ್ರಗಳು ಆ ಅಳತೆಗೆ ಸಿದ್ಧವಿದ್ದವು. ಕೊಳವೆಗೆ ಬುಡದಿಂದ ಬಾಯಿಯವರೆಗೆ ಎದ್ದು ಕಾಣುವ ಇಳಿಜಾರನ್ನೂ ಕೊಟ್ಟಿತು. ಹಿತ್ತಾಳೆಯ ಬದಲು ಉಕ್ಕಿನ ಕೊಳವೆ ಬಳಸಿದಾಗ, ಹಾರಿಸಿದ ಮೇಲೆ ಅದು ಸಲೀಸಾಗಿ ಹೊರಬರಲು ಈ ಇಳಿಜಾರು ನೆರವಾಗುತ್ತದೆ. ಎಕೆ ಮ್ಯಾಗಜಿನ್ ಬಾಳೆಹಣ್ಣಿನಂತೆ ಬಾಗಿರುವುದಕ್ಕೂ ಇದೇ ಕಾರಣ.

ಆರೋಪದ ಎರಡನೆಯ ರೂಪ ಹೆಚ್ಚು ಜಾಣತನದ್ದು. ಪೋಲ್ಟೆಗಿಂತ ಮೊದಲು, 1930ರ ದಶಕದ ನಡುವಿನಲ್ಲಿ, ಹೈನ್ರಿಖ್ ಫೋಲ್ಮರ್ ಎಂಬ ಜರ್ಮನ್ ವಿನ್ಯಾಸಕಾರನ ಕಾರ್ಬೈನ್‌ಗಾಗಿ ಗುಸ್ತಾವ್ ಗೆನ್‌ಶೋ ಕಂಪನಿ ಒಂದು ತೋಟಾ ಮಾಡಿತ್ತು. ಅದರ ಅಳತೆ 7.75×39.5. ಕಾರ್ಬೈನ್ ಪರೀಕ್ಷೆಗಳಲ್ಲಿ ಚೆನ್ನಾಗಿಯೇ ನಡೆದುಕೊಂಡಿತು, ಆದರೂ ಸೇನೆ ಕೈಬಿಟ್ಟಿತು. 39.5 ಮತ್ತು 39! ಎರಡನ್ನೂ ಪಕ್ಕದಲ್ಲಿಟ್ಟರೆ ಹೋಲಿಕೆ ನಿಜಕ್ಕೂ ಬೆಚ್ಚಿಬೀಳಿಸುತ್ತದೆ. ಸೋವಿಯತ್ ಗೂಢಚಾರರು ಇದನ್ನು ಎಗರಿಸಿರಬೇಕು ಎಂಬ ಊಹೆಗೆ ಪಶ್ಚಿಮದ ಕೆಲವು ಬರಹಗಾರರು ಮನಸೋತದ್ದು ಸಹಜ.

ಈ ವಾದವನ್ನು ಕೆಡವಿಹಾಕುವುದು ಒಂದು ಸಣ್ಣ ಸಂಗತಿ. ಸೋವಿಯತ್ ತಂಡ 1943ರಲ್ಲಿ ರೂಪಿಸಿದ ಕೊಳವೆಯ ಉದ್ದ 39 ಮಿ.ಮೀ. ಅಲ್ಲ, 41. ಆಗಿನ ಗುಂಡಿನ ಹಿಂಬದಿ ಚಪ್ಪಟೆಯಾಗಿತ್ತು. ಗುಂಡು ಗಾಳಿಯಲ್ಲಿ ವೇಗ ಕಳೆದುಕೊಳ್ಳದಿರಲೆಂದು ಆಮೇಲೆ ಹಿಂಬದಿಯನ್ನು ದೋಣಿಯ ಹಿಂಭಾಗದ ಆಕಾರಕ್ಕೆ ತಂದರು. ಗುಂಡು ಉದ್ದವಾಯಿತು. ತೋಟಾದ ಒಟ್ಟು ಉದ್ದ ಹೆಚ್ಚಬಾರದೆಂದು ಕೊಳವೆಯನ್ನು ಎರಡು ಮಿ.ಮೀ. ಮೊಟಕು ಮಾಡಿದರು. ಅಂದರೆ ಬೆಚ್ಚಿಬೀಳಿಸುವ ಆ ಹೋಲಿಕೆ ಹುಟ್ಟಿದ್ದು ತೋಟಾ ಸಿದ್ಧವಾಗಿ ವರ್ಷಗಳಾದ ಮೇಲೆ, ಸಂಬಂಧವೇ ಇಲ್ಲದ ಕಾರಣಕ್ಕೆ. ಕದ್ದವನು 39.5 ಅನ್ನು ಮೊದಲು 41 ಮಾಡಿ, ಆಮೇಲೆ ಯಾಕೆ ಹಿಂದಕ್ಕೆ ತರುತ್ತಾನೆ? ಹೋಲಿಕೆಯನ್ನು ಬಿಟ್ಟರೆ ಈ ಆರೋಪಕ್ಕೆ ಯಾರೂ ಬೇರೆ ಪುರಾವೆ ಮುಂದಿಟ್ಟದ್ದನ್ನು ನಾನು ಕಂಡಿಲ್ಲ. ಜರ್ಮನ್ ವಿನ್ಯಾಸಕಾರ ಹ್ಯೂಗೋ ಷ್ಮೈಸರ್‌ನನ್ನು ಸೋವಿಯತ್ ಒಕ್ಕೂಟದ ಇಝೆವ್‌ಸ್ಕ್‌ಗೆ ಕರೆದೊಯ್ದ ಸಂಗತಿಯನ್ನೂ ಕೆಲವರು ಇದಕ್ಕೆ ಜೋಡಿಸುತ್ತಾರೆ. ಅವನು ಅಲ್ಲಿಗೆ ಹೋದದ್ದು 1946ರಲ್ಲಿ. ತೋಟಾ ಅವನಿಗಿಂತ ಮೂರು ವರ್ಷ ಮೊದಲೇ ಅಲ್ಲಿತ್ತು.

ಹಾಗೆಂದು ರಷ್ಯನ್ನರ ಅಧಿಕೃತ ಕಥೆಯನ್ನೂ ಕಣ್ಣುಮುಚ್ಚಿ ನುಂಗಬೇಕಾಗಿಲ್ಲ. ಅವರು ಎಲ್ಲದರ ಮೂಲವನ್ನು ವ್ಲಾದಿಮಿರ್ ಫ್ಯೋದರೋವ್‌ಗೆ ಕೊಂಡೊಯ್ಯುತ್ತಾರೆ. ಮೊದಲ ಮಹಾಯುದ್ಧದ ಹೊತ್ತಿಗೇ ಆತ ಜಪಾನಿನ 6.5 ಮಿ.ಮೀ. ತೋಟಾ ಬಳಸುವ ಸ್ವಯಂಚಾಲಿತ ರೈಫಲ್ ಮಾಡಿದ್ದ, 1916ರಲ್ಲಿ ಒಂದು ತುಕಡಿ ಅದನ್ನು ಹಿಡಿದು ಯುದ್ಧಕ್ಕೂ ಹೋಯಿತು. ದೊಡ್ಡ ರೈಫಲ್ ತೋಟಾ ಅನಗತ್ಯ ಎಂಬ ಅವನ ವಾದ ಸೋವಿಯತ್ ತಂತ್ರಜ್ಞರಿಗೆ ಗೊತ್ತಿತ್ತು. ಆದರೆ ಗೊತ್ತಿದ್ದ ವಾದ ಕಾರ್ಯಕ್ಕಿಳಿದದ್ದು ಶತ್ರುವಿನ ಕೈಯಲ್ಲಿ ಅಂಥ ಶಸ್ತ್ರ ಕಂಡ ಮೇಲೆ. ಈ ಎರಡನ್ನೂ ಒಟ್ಟಿಗೆ ಹೇಳಿದರೆ ಎರಡೂ ದೇಶಗಳ ಅಭಿಮಾನಿಗಳಿಗೆ ಸಮಾಧಾನವಾಗುವುದಿಲ್ಲ, ಅದಕ್ಕೇ ಇರಬೇಕು ಯಾರೂ ಒಟ್ಟಿಗೆ ಹೇಳುವುದಿಲ್ಲ.

5.56ರ ಕಥೆಯಲ್ಲಿ ಕಳ್ಳತನದ ಆರೋಪವಿಲ್ಲ, ಹಕ್ಕುದಾರರ ಸಂತೆ ಇದೆ. ಕೊರಿಯಾ ಯುದ್ಧದ ಹೊತ್ತಿಗೆ, 1952ರಲ್ಲಿ, ಅಮೆರಿಕದಲ್ಲಿ ಎರಡು ಅಧ್ಯಯನಗಳು ಹೊರಬಂದವು, ಒಂದು ನಾರ್ಮನ್ ಹಿಚ್‌ಮನ್‌ನದು, ಇನ್ನೊಂದು ಡೊನಾಲ್ಡ್ ಹಾಲ್‌ನದು. ಕಾಲಾಳು ಗುಂಡು ಹಾರಿಸಿ ಫಲ ಕಾಣುವುದು ಬಹುಪಾಲು 300 ಗಜದೊಳಗೆ, ಅದಕ್ಕೆ ದೊಡ್ಡ ತೋಟಾ ದಂಡ ಎಂಬುದು ಅವುಗಳ ಸಾರ. ಅಬರ್ಡೀನ್ ಪರೀಕ್ಷಾ ಕೇಂದ್ರದಲ್ಲಿ ಗುಸ್ತಾಫ್‌ಸನ್ ಎಂಬವನು ಎಂ–1 ಕಾರ್ಬೈನ್‌ಗೆ ಚಿಕ್ಕ ಗುಂಡು ಅಳವಡಿಸಿ ನೋಡಿದ್ದ. ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಅರ್ಲ್ ಹಾರ್ವಿ, ರೆಮಿಂಗ್ಟನ್ ಕಂಪನಿಯ .222 (ಇದು ಅಂಗುಲದ ಲೆಕ್ಕ) ಬೇಟೆ ತೋಟಾವನ್ನು ಉದ್ದ ಮಾಡಿಸಿದ್ದ. 1957ರಲ್ಲಿ ಅಮೆರಿಕದ ಸೇನೆಯ ಜನರಲ್ ವಿಲ್ಲರ್ಡ್ ವೈಮನ್ ಆರ್ಮಲೈಟ್ ಕಂಪನಿಯ ಯೂಜೀನ್ ಸ್ಟೋನರ್‌ಗೆ ಅವನದೇ ದೊಡ್ಡ ರೈಫಲಿನ ಚಿಕ್ಕ ರೂಪ ಮಾಡಿಕೊಡಲು ಕೇಳಿದ. ಇದ್ದ .222 ತೋಟಾದಲ್ಲಿ ಬೇಕಾದ ವೇಗ ಬರಲಿಲ್ಲ. ರಾಬರ್ಟ್ ಹಟನ್ ಎಂಬ ಬಂದೂಕು ಬರಹಗಾರ ಲೆಕ್ಕ ಹಾಕಿ, ಕೊಳವೆಯಲ್ಲಿ ಇನ್ನಷ್ಟು ಮದ್ದಿಗೆ ಜಾಗ ಬೇಕೆಂದ. ರೆಮಿಂಗ್ಟನ್ ಮತ್ತೆ ಕೊಳವೆ ಉದ್ದ ಮಾಡಿತು. ಹೀಗೆ ಬಂದದ್ದು .223, ಸೈನ್ಯದ ಬಾಯಲ್ಲಿ 5.56×45.

ಇದರಲ್ಲಿ ‘ಕಂಡುಹಿಡಿದವನು’ ಯಾರು? ಸ್ಟೋನರ್ ಹೆಸರು ಉಳಿಯಿತು, ಏಕೆಂದರೆ ರೈಫಲ್ ಅವನದೆಂದೇ ಹೆಸರಾಯಿತು. ನನ್ನ ಮಟ್ಟಿಗೆ ತೋಟಾದ ತೊಟ್ಟಿಲು ರೆಮಿಂಗ್ಟನ್ ಕಾರ್ಖಾನೆ. ಮೈಕ್ ವಾಕರ್ 1950ರಲ್ಲಿ ರೂಪಿಸಿದ .222 ಬೇಟೆ ತೋಟಾ ಇಲ್ಲದಿದ್ದರೆ ಮಿಕ್ಕವರು ಉದ್ದ ಮಾಡಲು ಏನೂ ಇರುತ್ತಿರಲಿಲ್ಲ. ಆದರೆ ಇದು ನನ್ನ ತೂಕ, ಬೇರೆಯವರು ಬೇರೆ ಕಡೆ ತಕ್ಕಡಿ ಹಿಡಿಯಬಹುದು.

ಈಗ ‘ಗಾಯಗೊಳಿಸುವ ಗುಂಡಿ’ಗೆ ಬರೋಣ. ವೈಮನ್ ಕಡೆಯ ಬೇಡಿಕೆ 500 ಗಜದಲ್ಲಿ ಉಕ್ಕಿನ ಶಿರಸ್ತ್ರಾಣವನ್ನು ತೂತು ಮಾಡಬೇಕು, ದೇಹಕ್ಕೆ ಘಾಸಿ ಮಾಡುವ ಶಕ್ತಿ ಎಂ–1 ಕಾರ್ಬೈನ್‌ಗೆ ಸಮನಾಗಿರಬೇಕು ಅಥವಾ ಮೀರಬೇಕು ಎಂದಿತ್ತು. ಗಾಯ ಸಾಕು, ಸಾವು ಬೇಡ ಎಂಬ ಸಾಲು ಅದರಲ್ಲಿಲ್ಲ. ಶತ್ರುವಿನ ತಲೆಬುರುಡೆಯನ್ನು ಅರ್ಧ ಕಿಲೋಮೀಟರ್ ದೂರದಿಂದ ಭೇದಿಸಬೇಕೆಂದು ಕೇಳುವವರು ಅವನ ಪ್ರಾಣದ ಬಗ್ಗೆ ಕನಿಕರ ಇಟ್ಟುಕೊಂಡಿರಲಾರರು. 1962ರಲ್ಲಿ ವಿಯೆಟ್ನಾಂನಿಂದ ಬಂದ ಮೊದಲ ವರದಿಗಳಂತೂ ಇದರ ಗಾಯಗಳು ಎಷ್ಟು ಭೀಕರ ಎಂಬುದನ್ನೇ ಬಣ್ಣಿಸಿದವು. ಗುಂಡು ದೇಹದೊಳಗೆ ಪಲ್ಟಿ ಹೊಡೆದು, ಹತ್ತಿರದ ದೂರದಲ್ಲಾದರೆ ಚೂರುಚೂರಾಗುತ್ತಿತ್ತು. 1974ರಲ್ಲಿ ಲೂಸರ್ನ್‌ನಲ್ಲಿ, 1976ರಲ್ಲಿ ಲುಗಾನೋದಲ್ಲಿ ರೆಡ್‌ಕ್ರಾಸ್ ಕರೆದ ತಜ್ಞರ ಸಭೆಗಳಲ್ಲಿ ಸ್ವೀಡನ್ ಇಂಥ ಅತಿವೇಗದ ಚಿಕ್ಕ ಗುಂಡುಗಳಿಗೆ ಕಡಿವಾಣ ಹಾಕಬೇಕೆಂದು ಒತ್ತಾಯಿಸಿತು. ಅತಿ ಕ್ರೂರ ಎಂದು ಕಡಿವಾಣ ಹಾಕಲು ಹೊರಟಿದ್ದ ಗುಂಡು, ಇಪ್ಪತ್ತು ವರ್ಷಗಳಲ್ಲಿ ನಮ್ಮ ಚರ್ಚೆಗಳಲ್ಲಿ ಅತಿ ಮೃದುವಾಗಿಬಿಟ್ಟಿತು.

ಮೃದು ಎಂಬ ಹೆಸರು ಬರಲು ಕಾರಣವೂ ಇದೆ. 1980ರಲ್ಲಿ ನೇಟೊ ಒಪ್ಪಿದ್ದು ಬೆಲ್ಜಿಯಂನ ಎಫ್‌ಎನ್ ಕಂಪನಿಯ ಎಸ್‌ಎಸ್–109 ಗುಂಡನ್ನು. ಅದು ಮೊದಲಿನದಕ್ಕಿಂತ ಭಾರ, ಮೂತಿಯೊಳಗೆ ಉಕ್ಕಿನ ತುಂಡು, ಗುರಿ ದೂರದ ಶಿರಸ್ತ್ರಾಣ. ಚಿಕ್ಕ ಗುಂಡಿನ ಕೆಲಸವೆಲ್ಲ ವೇಗದಿಂದ ನಡೆಯುವುದು. ದೂರ ಹೆಚ್ಚಿದಂತೆ ಅಥವಾ ನಳಿಗೆ ಗಿಡ್ಡವಾದಂತೆ ವೇಗ ಇಳಿಯುತ್ತದೆ, ಗುಂಡು ಚೂರಾಗದೆ ನೇರ ದಾಟಿಹೋಗುತ್ತದೆ. ಎರಡು ಏಟು ತಿಂದರೂ ಉಗ್ರ ಬೀಳಲಿಲ್ಲ ಎನ್ನುವ ಸೈನಿಕರ ಅನುಭವ ಸುಳ್ಳಲ್ಲದಿರಬಹುದು. ಆದರೆ ಅದು ಗುಂಡಿನ ರಚನೆ ಮತ್ತು ವೇಗದ ದೋಷ, ವಿನ್ಯಾಸಕಾರನ ದಯೆಯಲ್ಲ. ವಿಯೆಟ್ನಾಂನಲ್ಲಿ ಸ್ಟೋನರ್‌ನ ರೈಫಲ್, ಎಂದರೆ ಎಂ–16, ಸಿಕ್ಕಿಹಾಕಿಕೊಳ್ಳುತ್ತಿದ್ದುದಕ್ಕೂ ಹೀಗೇ ತಪ್ಪು ವಿಳಾಸಕ್ಕೆ ದೂರು ಹೋಗಿತ್ತು. ಸೇನೆ ಮದ್ದಿನ ಬಗೆಯನ್ನು ಬದಲಿಸಿತ್ತು, ಗುಂಡಿನ ಕೋಣೆಗೆ ಕ್ರೋಮ್ ಲೇಪವಿರಲಿಲ್ಲ, ಶುಚಿಗೊಳಿಸುವ ಸಲಕರಣೆ ಸೈನಿಕರಿಗೆ ತಲುಪಿರಲಿಲ್ಲ. 1967ರ ಸಂಸದೀಯ ವಿಚಾರಣೆ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡಿತು, ವಿನ್ಯಾಸಕಾರನನ್ನಲ್ಲ.

ಕ್ರೂರ ಗುಂಡು, ಸೌಮ್ಯ ಗುಂಡು ಎಂಬ ಈ ಜಗಳಕ್ಕೆ ಭಾರತದ ನೆಲದಲ್ಲೇ ಹಳೆಯ ಬೇರಿದೆ. 1888ರಲ್ಲಿ ಬ್ರಿಟಿಷ್ ಸೇನೆಗೆ ಬಂದ .303 ಗುಂಡಿಗೆ ಲೋಹದ ಪೂರ್ಣ ಹೊದಿಕೆ ಇತ್ತು. 1895ರಲ್ಲಿ ವಾಯವ್ಯ ಗಡಿಯ ಚಿತ್ರಾಲ್ ದಂಡಯಾತ್ರೆಯಲ್ಲಿ ಏಟು ತಿಂದವರು ನಿಲ್ಲದೆ ನುಗ್ಗುತ್ತಿದ್ದರೆಂದು ದೂರು ಬಂತು. ಕಲ್ಕತ್ತೆ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ಬರ್ಟಿ–ಕ್ಲೇ ಮೂತಿಯ ಹೊದಿಕೆಯನ್ನು ಸ್ವಲ್ಪವೇ ಬಿಚ್ಚಿ ಸೀಸ ಕಾಣುವಂತೆ ಮಾಡಿದ. ಅಲ್ಲಿಂದಾಚೆಗೆ ದೇಹದೊಳಗೆ ಅರಳುವ ಗುಂಡುಗಳಿಗೆಲ್ಲ ‘ದಮ್‌ದಮ್’ ಎಂಬ ಹೆಸರೇ ಅಂಟಿತು. ಆದರೆ ಜರ್ಮನಿಯ ಟ್ಯೂಬಿಂಗನ್‌ನ ಪ್ರೊಫೆಸರ್ ಬ್ರುನ್ಸ್ ಭಯಾನಕ ಗಾಯಗಳನ್ನು ತೋರಿಸಿದ ಪ್ರಯೋಗಕ್ಕೆ ಬಳಸಿದ್ದು ದಮ್‌ದಮ್ ಗುಂಡನ್ನಲ್ಲ, ಸೀಸ ಇನ್ನೂ ಹೆಚ್ಚು ಹೊರಗಿದ್ದ ಮೌಸರ್ ಬೇಟೆ ಗುಂಡನ್ನು. 1898ರಲ್ಲಿ ಸುಡಾನಿನ ಒಮ್‌ದುರ್ಮಾನ್ ಕದನದಲ್ಲಿ ಬ್ರಿಟಿಷರು ಹಾರಿಸಿದ್ದೂ ದಮ್‌ದಮ್ ಅಲ್ಲ, ಇಂಗ್ಲೆಂಡಿನಲ್ಲಿ ತಯಾರಾದ ಟೊಳ್ಳು ಮೂತಿಯ ಗುಂಡು. ಅಪಖ್ಯಾತಿ ಮಾತ್ರ ಬಂಗಾಳದ ಊರಿಗೆ. 1899ರ ಜುಲೈನಲ್ಲಿ ಹೇಗ್ ಘೋಷಣೆ ಅರಳುವ ಗುಂಡುಗಳನ್ನು ನಿಷೇಧಿಸಿತು, ಬ್ರಿಟನ್ ಒಪ್ಪಿದ್ದು 1907ರಲ್ಲಿ. 1910ರಲ್ಲಿ ಬಂದ .303ರ ಏಳನೆಯ ಮಾದರಿಯ ಗುಂಡಿಗೆ ಹೊದಿಕೆ ಪೂರ್ಣವಾಗಿತ್ತು, ಆದರೆ ಮೂತಿಯೊಳಗೆ ಅಲ್ಯೂಮಿನಿಯಂನಂಥ ಹಗುರ ವಸ್ತು. ಭಾರ ಹಿಂದಕ್ಕೆ ಸರಿದಿದ್ದರಿಂದ ದೇಹ ಹೊಕ್ಕೊಡನೆ ಅದು ಪಲ್ಟಿ ಹೊಡೆಯುತ್ತಿತ್ತು. ಬೇಕೆಂದೇ ಮಾಡಿದ್ದೋ, ದೂರ ಹಾರಲೆಂದು ಮಾಡಿದಾಗ ತಾನಾಗಿ ಒದಗಿದ ಲಾಭವೋ ಎಂಬ ವಾದ ಇನ್ನೂ ನಿಂತಿಲ್ಲ.

ಚೂಪು ಮೂತಿಯ ಗುಂಡಿನ ಹಕ್ಕು ಯಾರದೆಂಬ ಜಗಳ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತ್ತು. ಫ್ರೆಂಚರು 1898ರಲ್ಲೇ ಕ್ಯಾಪ್ಟನ್ ದೆಸಲೂ ರೂಪಿಸಿದ ಚೂಪು ಗುಂಡನ್ನು ತಂದರು. ಜರ್ಮನಿಯದು ಆರೇಳು ವರ್ಷ ತಡವಾಗಿ ಬಂತು, ಅಮೆರಿಕದ .30–06 ತೋಟಾ 1906ರಲ್ಲಿ. ಆದರೂ ತಮ್ಮ ಪೇಟೆಂಟ್ ಕದ್ದಿದ್ದೀರಿ ಎಂದು ಅಮೆರಿಕದ ಮೇಲೆ ಜರ್ಮನ್ ಕಂಪನಿ ಡಿಡಬ್ಲ್ಯುಎಂ ದಾವೆ ಹೂಡಿತು, ಅದೂ 1914ರ ಜುಲೈನಲ್ಲಿ, ಮಹಾಯುದ್ಧಕ್ಕೆ ಕೆಲವೇ ದಿನಗಳಿರುವಾಗ. ಯುದ್ಧದಲ್ಲಿ ಅಮೆರಿಕ ಆ ಪೇಟೆಂಟನ್ನೇ ಮುಟ್ಟುಗೋಲು ಹಾಕಿಕೊಂಡಿತು. ಆ ಮುಟ್ಟುಗೋಲೇ ಒಪ್ಪಂದಕ್ಕೆ ವಿರುದ್ಧವೆಂದು ತೀರ್ಪು ಬಂದು, 1928ರಲ್ಲಿ ಬಡ್ಡಿ ಸಹಿತ 4,12,520 ಡಾಲರ್ ಕೊಡಬೇಕಾಯಿತು. ಗುಂಡು ಮೊದಲು ಯಾರದು ಎಂಬ ಪ್ರಶ್ನೆಗೆ ಉತ್ತರ ಸಿಗಲೇ ಇಲ್ಲ, ಹಣ ಮಾತ್ರ ಕೈ ಬದಲಾಯಿಸಿತು. ಹೆಸರನ್ನೂ ನಂಬುವಂತಿಲ್ಲ: ಜಗತ್ತು ‘8 ಮಿ.ಮೀ. ಮೌಸರ್’ ಎಂದು ಕರೆಯುವ ಜರ್ಮನ್ ತೋಟಾವನ್ನು 1888ರಲ್ಲಿ ರೂಪಿಸಿದ್ದು ಸೈನ್ಯದ ಆಯೋಗ, ಮೌಸರ್ ಕಂಪನಿಯಲ್ಲ.

ಮೂರನೆಯ ತೋಟಾ 7.62×51ರ ವಿಷಯದಲ್ಲಿ ತಕರಾರು ತಂತ್ರಜ್ಞರದ್ದಲ್ಲ, ಪ್ರಧಾನಿಗಳದ್ದು. ಯುದ್ಧದ ಪಾಠ ಕಲಿತ ಬ್ರಿಟನ್ 7 ಮಿ.ಮೀ.ನ ಮಧ್ಯಮ ತೋಟಾ .280 ರೂಪಿಸಿತು. ಅಟ್ಲಿ ಸರ್ಕಾರ 1951ರಲ್ಲಿ ಅದನ್ನು ಹಾರಿಸುವ ಇಎಂ–2 ರೈಫಲ್ ಅನ್ನು ಒಪ್ಪಿಕೊಂಡಿತು. ಅಮೆರಿಕದ ಶಸ್ತ್ರಾಸ್ತ್ರ ಇಲಾಖೆಗೆ ತನ್ನ .30–06ರಷ್ಟೇ ಬಲ ಬೇಕಿತ್ತು, ತೋಟಾ ಮಾತ್ರ ಕೊಂಚ ಗಿಡ್ಡವಾದರೆ ಸಾಕಿತ್ತು. .300 ಸ್ಯಾವೇಜ್ ಎಂಬ ಬೇಟೆ ತೋಟಾದ ಕೊಳವೆಯಿಂದ ಪ್ರಯೋಗ ಆರಂಭಿಸಿ, ಹೊಸ ಮದ್ದಿನ ನೆರವಿನಿಂದ 63 ಮಿ.ಮೀ. ಕೊಳವೆಯ ಕೆಲಸವನ್ನು 51ರಲ್ಲಿ ಮಾಡಿ ತೋರಿಸಿದರು. ಚರ್ಚಿಲ್ ಮರಳಿ ಅಧಿಕಾರಕ್ಕೆ ಬಂದು ಬ್ರಿಟಿಷ್ ತೋಟಾವನ್ನು ಕೈಬಿಟ್ಟರು. ನೇಟೊ ಅಮೆರಿಕದ ತೋಟಾವನ್ನು ಒಪ್ಪಿತು. ಹತ್ತು ವರ್ಷ ಕಳೆಯುವುದರೊಳಗೆ ಅದೇ ಅಮೆರಿಕ ಅದನ್ನು ಬದಿಗಿಟ್ಟು 5.56 ಕಡೆ ನಡೆಯಿತು. ಬ್ರಿಟಿಷ್ ಬರಹಗಾರರು ಇಂದಿಗೂ ಇದನ್ನು ಮರೆತಿಲ್ಲ, ಅವರ ಸಿಟ್ಟಿಗೆ ಅರ್ಥವಿದೆ.

ಇದರ ಬಿಸಿ ನಮಗೂ ತಟ್ಟಿತ್ತು. ದಶಕಗಳ ಕಾಲ ನಮ್ಮ ಸೈನಿಕರು ಹೊತ್ತ, ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ ಎಸ್‌ಎಲ್‌ಆರ್ ರೈಫಲ್, ಬೆಲ್ಜಿಯಂನ ಎಫ್‌ಎಎಲ್ ರೈಫಲಿನ ವಂಶದ್ದು. ಎಫ್‌ಎಎಲ್‌ನ ಮೊದಲ ಮಾದರಿಗಳು ಜರ್ಮನ್ 7.92×33 ತೋಟಾಕ್ಕೆ, ನಂತರದವು ಬ್ರಿಟಿಷ್ .280ಕ್ಕೆ ಮಾಡಿದವು. ವಾಷಿಂಗ್ಟನ್‌ನ ಹಟಕ್ಕೆ ಮಣಿದು ಅದನ್ನು ದೊಡ್ಡ ತೋಟಾಕ್ಕೆ ಹಿಗ್ಗಿಸಬೇಕಾಯಿತು. ಹಗುರ ರೈಫಲ್ ಆಗಬೇಕಿದ್ದದ್ದು ಭಾರದ ರೈಫಲ್ ಆಗಿ ನಮ್ಮ ಹೆಗಲೇರಿತು.

ಅಮೆರಿಕದಲ್ಲಿ ಇಂಥ ನಾಟಕ ಅದಕ್ಕೂ ಮೊದಲೇ ಒಮ್ಮೆ ನಡೆದಿತ್ತು. ಜಾನ್ ಪೆಡರ್ಸನ್ ರೂಪಿಸಿದ .276 ತೋಟಾ ಪರೀಕ್ಷೆಗಳಲ್ಲಿ ಗೆದ್ದು, ಗ್ಯಾರಂಡ್ ರೈಫಲ್ ಅದಕ್ಕೆಂದೇ ಹತ್ತು ಗುಂಡುಗಳ ಲೆಕ್ಕದಲ್ಲಿ ಸಿದ್ಧವಾಗಿತ್ತು. 1932ರಲ್ಲಿ ಸೇನಾ ಮುಖ್ಯಸ್ಥ ಡಗ್ಲಸ್ ಮ್ಯಾಕಾರ್ಥರ್ ಬೇಡವೆಂದ. ಉಗ್ರಾಣದಲ್ಲಿ ಹಳೆಯ .30 ತೋಟಾಗಳು ರಾಶಿ ಬಿದ್ದಿದ್ದವು, ದೇಶ ಆರ್ಥಿಕ ಕುಸಿತದಲ್ಲಿತ್ತು. ರೈಫಲ್ ಎಂಟು ಗುಂಡಿಗಿಳಿಯಿತು. ಈಗ ಚಕ್ರ ತಿರುಗಿ, 2022ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಆರಿಸಿಕೊಂಡದ್ದು .277 ಗುಂಡಿನ 6.8×51 ತೋಟಾ. ವ್ಯಾಸ ಪೆಡರ್ಸನ್‌ನ ಹತ್ತಿರದ್ದು, ಒತ್ತಡ ಮಾತ್ರ ಅವನು ಕನಸಲ್ಲೂ ಕಾಣದಷ್ಟು. ಹಿತ್ತಾಳೆ ಆ ಒತ್ತಡ ತಡೆಯದೆಂದು ಬುಡವನ್ನು ಉಕ್ಕಿನಲ್ಲಿ ಮಾಡಿದ್ದಾರೆ. ಹೊಸ ರೈಫಲಿನ ಮ್ಯಾಗಜಿನ್‌ಗೆ 20 ಗುಂಡು, ಹಳೆಯ ಎಂ–4ರದಕ್ಕೆ 30. ರಕ್ಷಾಕವಚ ತೊಟ್ಟ ಶತ್ರುವಿಗೆ ಇದು ಬೇಕೇ ಬೇಕು ಎನ್ನುವವರೂ ಹತ್ತು ಗುಂಡು ಕಳೆದುಕೊಂಡದ್ದು ಮೂರ್ಖತನ ಎನ್ನುವವರೂ ಅಲ್ಲಿ ಪರಸ್ಪರ ಕೂಗಾಡುತ್ತಿದ್ದಾರೆ.

ನಮ್ಮಲ್ಲಿಯೂ ಕೂಗಾಟ ತೂಕದ ಬಗ್ಗೆ ನಡೆದರೆ ಒಳ್ಳೆಯದಿತ್ತು. ಒಂದು 5.56 ತೋಟಾ ಸುಮಾರು 12 ಗ್ರಾಂ, 7.62×51 ಅದರ ಎರಡರಷ್ಟು, 7.62×39 ಇವೆರಡರ ನಡುವೆ. ಒಂದೇ ಹೊರೆಯಲ್ಲಿ ಎಷ್ಟು ಗುಂಡು ಬೆಟ್ಟ ಹತ್ತುತ್ತವೆ ಎಂಬುದನ್ನು ಇದು ತೀರ್ಮಾನಿಸುತ್ತದೆ. ರಷ್ಯಾ 1974ರಲ್ಲೇ ತನ್ನ ಮುಖ್ಯ ರೈಫಲನ್ನು 5.45ಕ್ಕೆ ಬದಲಿಸಿಕೊಂಡಿತು, ನಮಗೆ ಮಾರುತ್ತಿರುವುದು 7.62×39 ಅನ್ನು. ಅದರಲ್ಲೇನೂ ಮೋಸವಿಲ್ಲ, ಕೇಳಿದ್ದು ನಾವೇ. ನಿಯಂತ್ರಣ ರೇಖೆಯ ದೂರದ ಗುರಿಗೆ 7.62×51 ಬೇಕೆಂಬ ವಾದಕ್ಕೆ ಹುರುಳಿದೆ. ಮಿಕ್ಕ ಕಡೆ ಎಕೆ ಏಕೆ ಎಂಬುದಕ್ಕೂ ದೃಢತೆ, ಸೈನಿಕರಿಗೆ ದಶಕಗಳಿಂದ ಇರುವ ಅಭ್ಯಾಸದಂಥ ಕಾರಣಗಳಿವೆ. ‘5.56 ಕೊಲ್ಲುವುದಿಲ್ಲ’ ಎಂಬುದು ಮಾತ್ರ ಆ ಕಾರಣಗಳ ಪಟ್ಟಿಗೆ ಸೇರುವಂಥದ್ದಲ್ಲ. ಸೇನೆಗೆ ಬರಲಿರುವ ಹೊಸ ಕಾರ್ಬೈನ್‌ಗಳಿಗೆ ಮತ್ತೆ ಅದೇ 5.56×45 ಗೊತ್ತಾಗಿದೆ. ಅಲ್ಲಿಗೆ ಮದ್ದುಗುಂಡು ಕಾರ್ಖಾನೆಗಳು ಇನ್ನೂ ಹಲವು ವರ್ಷ ಮೂರೂ ಬಗೆಯ ತೋಟಾ ತಯಾರಿಸುತ್ತಿರಬೇಕು, ಸರಬರಾಜು ಲಾರಿಗಳು ಯಾವ ಪೆಟ್ಟಿಗೆ ಯಾವ ತುಕಡಿಗೆ ಎಂದು ಬೇರ್ಪಡಿಸುತ್ತಲೇ ಇರಬೇಕು.